ಗೋಧಿಯ ಗುಟ್ಟು, ಕರುಳಿನ ಗಾಯ

ನಮ್ಮಲ್ಲಿ ಬಹಳ ಮಂದಿಗೆ ‘ಸೀಲಿಯಾಕ್’ ಎಂಬ ಹೆಸರು ಕಿವಿಗೆ ಬಿದ್ದದ್ದು ಈ ಇಂಗ್ಲೆಂಡಿಗೆ ಬಂದ ಮೇಲೆಯೇ. ಊರಿನಲ್ಲಿದ್ದಾಗ ಹೊಟ್ಟೆ ಕೆಟ್ಟರೆ ಅಜೀರ್ಣ, ಆಮಶಂಕೆ, ಗ್ರಹಣಿ, ದೃಷ್ಟಿ ಎಂದು ಏನಾದರೊಂದು ಹೆಸರಿರುತ್ತಿತ್ತು. ಗೋಧಿಯಿಂದ ಕರುಳು ಕೆಡುತ್ತದೆ ಎಂದು ಯಾರೂ ಹೇಳಿದ್ದಿಲ್ಲ. ನಮ್ಮ ಮನೆಗಳಲ್ಲಿ ಗೋಧಿ ಎಂದರೆ ಕಾಯಿಲೆಯವರ ಪಥ್ಯ: ಸಕ್ಕರೆ ಕಾಯಿಲೆಯವರಿಗೆ ಚಪಾತಿ, ಬಾಣಂತಿಗೆ ಗೋಧಿ ರವೆಯ ಪಾಯಸ, ಜ್ವರ ಬಂದ ಮಗುವಿಗೆ ಹಾಲಿನಲ್ಲಿ ನೆನೆಸಿದ ಬ್ರೆಡ್ಡು. ಅದೇ ಬ್ರೆಡ್ಡು ಕೆಲವರ ಕರುಳಿನ ಒಳಮೈಯನ್ನು ಬೋಳಿಸಿಬಿಡುತ್ತದೆ ಎಂಬುದು ವೈದ್ಯರಿಗೇ ತಿಳಿಯಲು ಬಹಳ ಕಾಲ ಹಿಡಿಯಿತು. ಬ್ರೆಡ್ಡು ಬಿಟ್ಟರೆ ಆ ಕರುಳು ಮತ್ತೆ ಚಿಗುರುತ್ತದೆ ಎಂಬುದು ತಿಳಿದ ಬಗೆಯಂತೂ ಸ್ವಾರಸ್ಯವಾಗಿದೆ. ಅದನ್ನು ಓದುಗ ಬಂಧುಗಳ ಮುಂದಿಡುವುದು ಈ ಲೇಖನದ ಉದ್ದೇಶ. ಕೊನೆಯಲ್ಲಿ ಕನ್ನಡಿಗರಾದ ನಮಗೂ ಇದಕ್ಕೂ ಏನು ಸಂಬಂಧ ಎಂಬುದನ್ನೂ ನೋಡೋಣ.

ಹೆಸರು ಗ್ರೀಕರದು. ಸುಮಾರು ಎರಡು ಸಾವಿರ ವರ್ಷಗಳ ಹಿಂದೆ, ಈಗ ಟರ್ಕಿಗೆ ಸೇರಿರುವ ಕಪಡೋಸಿಯಾದ ಅರಿಟಿಯಸ್ ಎಂಬ ವೈದ್ಯ, ಉಂಡದ್ದು ಅರಗದೆ ಹಾಗೇ ಹೊರಬೀಳುವ, ದೇಹ ದಿನೇ ದಿನೇ ಸೊರಗುವ ಕಾಯಿಲೆಯೊಂದನ್ನು ವರ್ಣಿಸಿದ. ಗ್ರೀಕಿನಲ್ಲಿ ‘ಕೊಯ್ಲಿಯಾ’ ಎಂದರೆ ಹೊಟ್ಟೆ. ಹಾಗಾಗಿ ರೋಗಿ ‘ಕೊಯ್ಲಿಯಾಕೋಸ್’. ನಮ್ಮ ಚರಕ ಸಂಹಿತೆಯಲ್ಲೂ ಗ್ರಹಣಿಯ ಮೇಲೆ ಒಂದು ಅಧ್ಯಾಯವೇ ಇದೆ. ಅನ್ನವನ್ನು ಹಿಡಿದಿಟ್ಟುಕೊಂಡು ಪಚನ ಮಾಡುವ ಸ್ಥಾನವೇ ಗ್ರಹಣಿ, ಅದು ದುರ್ಬಲವಾದಾಗ ಬರುವುದೇ ಗ್ರಹಣಿ ರೋಗ. ಇದನ್ನು ಓದಿ ಕೆಲವರು ‘ಸೀಲಿಯಾಕ್ ನಮ್ಮವರಿಗೆ ಆಗಲೇ ಗೊತ್ತಿತ್ತು’ ಎನ್ನುವುದುಂಟು. ನಮಗೆ ಹಾಗನ್ನಿಸುವುದಿಲ್ಲ. ಅರಿಟಿಯಸನ ವರ್ಣನೆಯಾಗಲಿ ಗ್ರಹಣಿಯಾಗಲಿ ಹತ್ತಾರು ಕಾಯಿಲೆಗಳಿಗೆ ಹೊಂದುತ್ತದೆ. ಲಕ್ಷಣವನ್ನು ಗುರುತಿಸುವುದು ಒಂದು, ಕಾರಣವನ್ನು ಹಿಡಿಯುವುದು ಇನ್ನೊಂದು.

ಇನ್ನು 1887ಕ್ಕೆ ಬರೋಣ. ಆ ವರ್ಷದ ಅಕ್ಟೋಬರ್ 5ರಂದು ಲಂಡನ್ನಿನ ಗ್ರೇಟ್ ಆರ್ಮಂಡ್ ಸ್ಟ್ರೀಟಿನ ಮಕ್ಕಳ ಆಸ್ಪತ್ರೆಯಲ್ಲಿ ಡಾಕ್ಟರ್ ಸ್ಯಾಮ್ಯುಯಲ್ ಗೀ ಒಂದು ಉಪನ್ಯಾಸ ಕೊಟ್ಟರು. ಮರುವರ್ಷ ಅದು ಅಚ್ಚಾಯಿತು. ಒಂದರಿಂದ ಐದು ವರ್ಷದೊಳಗಿನ ಮಕ್ಕಳು, ಉಬ್ಬಿದ ಹೊಟ್ಟೆ, ಕಡ್ಡಿಯಂಥ ಕೈಕಾಲು, ಬಿಳಿಚಿಕೊಂಡ ದುರ್ವಾಸನೆಯ ಭೇದಿ. ವರ್ಣನೆ ಎಷ್ಟು ಕರಾರುವಾಕ್ಕಾಗಿತ್ತೆಂದರೆ ಇಂದಿನ ವೈದ್ಯರಿಗೂ ಅದರಲ್ಲಿ ತಿದ್ದುವುದು ಹೆಚ್ಚೇನಿಲ್ಲ. ಗುಣವಾಗುವುದೇ ಆದರೆ ಪಥ್ಯದಿಂದಲೇ ಆಗಬೇಕು ಎಂದೂ ಗೀ ಹೇಳಿದರು. ಯಾವ ಪಥ್ಯ ಎಂಬುದು ಮಾತ್ರ ಅವರಿಗೆ ಹೊಳೆಯಲಿಲ್ಲ. ಹಿಟ್ಟಿನ ಪದಾರ್ಥ ಕಡಿಮೆ ಇರಲಿ ಎಂದವರೇ ತೆಳ್ಳಗೆ ಸುಟ್ಟ ಬ್ರೆಡ್ಡಿಗೆ ಅಪ್ಪಣೆ ಕೊಟ್ಟರು. ಅವರು ಹೇಳಿದ ಒಂದು ಮಗುವಿನ ಕತೆ ಇದೆ: ಅದಕ್ಕೆ ದಿನವೂ ಒಂದು ಕ್ವಾರ್ಟ್, ಎಂದರೆ ಲೀಟರಿಗಿಂತ ತುಸು ಹೆಚ್ಚು, ಹಾಲೆಂಡಿನ ಮಸೆಲ್ ತಿನ್ನಿಸಿದರು (ನಮ್ಮ ಕರಾವಳಿಯವರು ಪಚ್ಚಿಲೆ ಎನ್ನುತ್ತಾರಲ್ಲ, ಅದೇ ಬಳಗದ್ದು). ಮಗು ಚೆನ್ನಾಗಿ ಮೈ ಹಿಡಿಯಿತು. ಮಸೆಲಿನ ಕಾಲ ಮುಗಿದಾಗ ಮತ್ತೆ ಕಾಯಿಲೆ. ಮರುವರ್ಷ ಮಸೆಲ್ ಬಂದರೆ ಮಗು ಬಾಯಿ ತೆರೆಯಲು ಒಪ್ಪಲಿಲ್ಲ! ಮಗುವನ್ನು ಬದುಕಿಸಿದ್ದು ಮಸೆಲಲ್ಲ, ಅದರ ಭರದಲ್ಲಿ ತಟ್ಟೆಯಿಂದ ಜಾರಿಹೋದ ಬ್ರೆಡ್ಡು ಎಂದು ಇಂದು ನಾವು ಸುಲಭವಾಗಿ ಊಹಿಸಬಹುದು.

ಗೀ ಅವರಿಗೆ ಕರುಳಿನೊಳಗೆ ಏನಾಗಿದೆ ಎಂದು ತಿಳಿಯದೆ ಹೋದದ್ದಕ್ಕೆ ಒಂದು ವಿಚಿತ್ರ ಕಾರಣವಿತ್ತು. ಸತ್ತ ಮಗುವಿನ ಕರುಳನ್ನು ಸೀಳಿ ನೋಡಿದರೂ ಪ್ರಯೋಜನವಿರಲಿಲ್ಲ. ಪ್ರಾಣ ಹೋದ ಕೆಲವೇ ಗಂಟೆಗಳಲ್ಲಿ ಕರುಳಿನ ಒಳಪೊರೆ ತನ್ನದೇ ಜೀರ್ಣರಸಗಳಿಂದ ಕರಗತೊಡಗುತ್ತದೆ. ಕಂಡ ಹಾನಿ ಕಾಯಿಲೆಯದೋ ಸಾವಿನದೋ ಹೇಳುವವರಾರು? ಹೀಗೆ ಕರುಳಿನ ಗಾಯ ಮುಂದಿನ ಅರವತ್ತಕ್ಕೂ ಹೆಚ್ಚು ವರ್ಷ ವೈದ್ಯರ ಕಣ್ಣಿಗೆ ಬೀಳದೆ ಉಳಿಯಿತು. ಕಾಣದ ಗಾಯಕ್ಕೆ ಮದ್ದು ಹುಡುಕುವ ಕೆಲಸ ಮಾತ್ರ ನಡೆದೇ ಇತ್ತು.

1924ರಲ್ಲಿ ನ್ಯೂಯಾರ್ಕಿನ ಡಾಕ್ಟರ್ ಸಿಡ್ನಿ ಹಾಸ್ ಬಾಳೆಹಣ್ಣಿನ ಪಥ್ಯವನ್ನು ಪ್ರಕಟಿಸಿದರು. ಬಾಳೆಹಣ್ಣು ಧಾರಾಳ, ಬ್ರೆಡ್ಡು, ಬಿಸ್ಕತ್ತು, ಆಲೂಗೆಡ್ಡೆ, ಎಲ್ಲ ಧಾನ್ಯಗಳು ಬಂದ್. ಸಾಯುವಂತಿದ್ದ ಮಕ್ಕಳು ಚೇತರಿಸಿಕೊಂಡರು. ಹಾಸ್ ಇದನ್ನು ಬಾಳೆಹಣ್ಣಿನ ಮಹಿಮೆ ಎಂದೇ ನಂಬಿದರು. ನಂಜನಗೂಡು ರಸಬಾಳೆಯ ನಾಡಿನವರಾದ ನಮಗೆ ಆ ನಂಬಿಕೆ ಪ್ರಿಯವಾದೀತು, ಆದರೆ ನಿಜವಲ್ಲ. ಮದ್ದು ಸರಿ, ಕಾರಣ ತಪ್ಪು. ಅದರಿಂದ ಆದ ಅಪಾಯ ಸಣ್ಣದಲ್ಲ: ‘ಗುಣವಾಯಿತು’ ಎಂದು ಪಥ್ಯ ಬಿಟ್ಟ ಮಕ್ಕಳು ಬ್ರೆಡ್ಡಿಗೆ ಮರಳಿದರು, ಗಾಯವೂ ಸದ್ದಿಲ್ಲದೆ ಮರಳಿತು.

ಈ ಚರಿತ್ರೆಯ ನಿಜವಾದ ನಾಯಕ ನಮ್ಮ ದೃಷ್ಟಿಯಲ್ಲಿ ಹಾಲೆಂಡಿನ ವಿಲ್ಲೆಮ್ ಕರೆಲ್ ಡಿಕ್ಕೆ. 1905ರಲ್ಲಿ ಹುಟ್ಟಿದವರು, 1936ರಲ್ಲಿ, ಇನ್ನೂ ಮೂವತ್ತೊಂದರ ಪ್ರಾಯದಲ್ಲಿ, ಹೇಗ್ ನಗರದ ಜೂಲಿಯಾನಾ ಮಕ್ಕಳ ಆಸ್ಪತ್ರೆಯ ಮುಖ್ಯಸ್ಥರಾದರು. ಅವರ ಬಗ್ಗೆ ಎಲ್ಲೆಲ್ಲೂ ಹೇಳುವ ಕತೆ ಹೀಗಿದೆ. ಎರಡನೆಯ ಮಹಾಯುದ್ಧದ ಕೊನೆಯ ಚಳಿಗಾಲ, 1944-45. ಡಚ್ ರೈಲ್ವೆ ನೌಕರರ ಮುಷ್ಕರಕ್ಕೆ ಪ್ರತೀಕಾರವಾಗಿ ಜರ್ಮನರು ಪಶ್ಚಿಮ ಹಾಲೆಂಡಿಗೆ ಆಹಾರ ಬರದಂತೆ ತಡೆದರು. ಪಡಿತರ ದಿನಕ್ಕೆ ಸಾವಿರ ಕ್ಯಾಲೊರಿಗಿಂತ ಕೆಳಗಿಳಿಯಿತು. ಜನ ಟ್ಯೂಲಿಪ್ ಗೆಡ್ಡೆ ಬೇಯಿಸಿ ತಿಂದರು. ಸುಮಾರು ಇಪ್ಪತ್ತು ಸಾವಿರ ಮಂದಿ ಸತ್ತರು. ಊರೆಲ್ಲ ಸೊರಗುತ್ತಿದ್ದಾಗ ಡಿಕ್ಕೆ ಅವರ ಸೀಲಿಯಾಕ್ ಮಕ್ಕಳು ಮಾತ್ರ ಚೇತರಿಸಿಕೊಂಡವು. ಯುದ್ಧ ಮುಗಿದು ಬ್ರೆಡ್ಡು ಬಂದಾಗ ಎಲ್ಲರೂ ನಲಿದರು, ಆ ಮಕ್ಕಳು ಮತ್ತೆ ಹಾಸಿಗೆ ಹಿಡಿದವು.

ಕತೆ ಮನಸ್ಸಿಗೆ ನಾಟುವಂಥದ್ದೇ, ಸುಳ್ಳೂ ಅಲ್ಲ. ಆದರೆ ಬರಗಾಲವೇ ಡಿಕ್ಕೆ ಅವರ ಕಣ್ಣು ತೆರೆಸಿತು ಎನ್ನುವುದು ಅವರಿಗೆ ಮಾಡುವ ಅನ್ಯಾಯ. 1930ರ ದಶಕದ ನಡುವಿನಲ್ಲೇ ಅವರು ಗೋಧಿಯಿಲ್ಲದ ಊಟವನ್ನು ಮಕ್ಕಳಿಗೆ ಕೊಟ್ಟು ನೋಡತೊಡಗಿದ್ದರು. ಬ್ರೆಡ್ಡು ನಿಲ್ಲಿಸಿದಾಗ ತನ್ನ ಮಗು ಸುಧಾರಿಸುತ್ತದೆ ಎಂದು ತಾಯಿಯೊಬ್ಬಳು ಹೇಳಿದ್ದು ಅವರ ಗಮನ ಸೆಳೆಯಿತೆಂದು ಪ್ರತೀತಿ. 1941ರಲ್ಲೇ, ಬರಗಾಲಕ್ಕೆ ಮೂರು ವರ್ಷ ಮೊದಲು, ಬ್ರೆಡ್ಡಿಲ್ಲದ ಸರಳ ಪಥ್ಯದ ಬಗ್ಗೆ ಡಚ್ ಭಾಷೆಯಲ್ಲಿ ಬರೆದರು. ಅವರ ಊಹೆಗೆ ಯಾರೂ ಬೇಕೆಂದು ಮಾಡಲಾಗದ ಕ್ರೂರ ಪರೀಕ್ಷೆಯನ್ನು ಆ ಚಳಿಗಾಲ ಮಾಡಿಕೊಟ್ಟಿತು, ಅಷ್ಟೆ.

ಯುದ್ಧದ ನಂತರ ಡಿಕ್ಕೆ ಅದನ್ನು ಲೆಕ್ಕದಲ್ಲಿ ಸಾಧಿಸಿದರು. ಯೂಟ್ರೆಕ್ಟ್ ನಗರದ ರಸಾಯನ ತಜ್ಞ ವ್ಯಾನ್ ಡೆ ಕಾಮರ್ ಮಲದಲ್ಲಿ ಹೋಗುವ ಕೊಬ್ಬನ್ನು ಅಳೆಯುವ ಕ್ರಮವೊಂದನ್ನು ಕಂಡುಹಿಡಿದಿದ್ದರು. ಕರುಳು ಸರಿಯಿದ್ದರೆ ಕೊಬ್ಬು ಹೀರಲ್ಪಡುತ್ತದೆ, ಕೆಟ್ಟಿದ್ದರೆ ಹೊರಗೆ ಹೋಗುತ್ತದೆ. ಗೋಧಿ ಕೊಟ್ಟರೆ ಕೊಬ್ಬು ಏರಿತು, ರೈ ಧಾನ್ಯ ಕೊಟ್ಟರೂ ಏರಿತು. ಅಕ್ಕಿ, ಜೋಳ, ಆಲೂಗೆಡ್ಡೆಗೆ ಏರಲಿಲ್ಲ. ಗೋಧಿಯ ಶುದ್ಧ ಪಿಷ್ಟಕ್ಕೂ ಏರಲಿಲ್ಲ. ಇದು 1950ರಲ್ಲಿ ಯೂಟ್ರೆಕ್ಟ್ ವಿಶ್ವವಿದ್ಯಾಲಯಕ್ಕೆ ಡಿಕ್ಕೆ ಒಪ್ಪಿಸಿದ ಪ್ರಬಂಧದ ಸಾರ. ಡಿಕ್ಕೆ 1962ರಲ್ಲಿ ತೀರಿಕೊಂಡರು.

ಪಿಷ್ಟ ನಿರಪರಾಧಿಯಾದರೆ ಅಪರಾಧಿ ಯಾರು? ಇದನ್ನು ನಮ್ಮ ಅಡಿಗೆಮನೆಯಲ್ಲೇ ನೋಡಬಹುದು. ಚಪಾತಿಗೆ ಕಲಸಿದ ಹಿಟ್ಟಿನ ಒಂದು ಉಂಡೆಯನ್ನು ನಲ್ಲಿಯ ಕೆಳಗೆ ಹಿಡಿದು ಮೆಲ್ಲಗೆ ಹಿಸುಕುತ್ತಿರಿ. ಹಾಲಿನಂಥ ಬಿಳಿ ನೀರು ಇಳಿಯುತ್ತದೆ, ಅದು ಪಿಷ್ಟ. ಕೊನೆಗೆ ಕೈಯಲ್ಲಿ ರಬ್ಬರಿನಂತೆ ಎಳೆದರೆ ಬರುವ ಜಿಗುಟು ಮುದ್ದೆ ಉಳಿಯುತ್ತದೆ. ಚಪಾತಿಯನ್ನು ಹರಿಯದಂತೆ ಲಟ್ಟಿಸಲು, ಬ್ರೆಡ್ಡು ಉಬ್ಬಲು ಇದೇ ಕಾರಣ. ಇಟಲಿಯ ಬೆಕ್ಕಾರಿ ಎಂಬಾತ ಹದಿನೆಂಟನೆಯ ಶತಮಾನದಲ್ಲೇ ಹೀಗೆ ತೊಳೆದು ಬೇರ್ಪಡಿಸಿದ ಆ ಪ್ರೋಟೀನೇ ಗ್ಲುಟೆನ್. 1952ರಲ್ಲಿ ನಮ್ಮ ಬರ್ಮಿಂಗ್‌ಹ್ಯಾಮಿನಲ್ಲಿ ಶಾರ್ಲೆಟ್ ಆಂಡರ್ಸನ್ ಮತ್ತು ಸಂಗಡಿಗರು ಇದೇ ಬಗೆಯಲ್ಲಿ ಹಿಟ್ಟನ್ನು ಬಿಡಿಸಿ ಮಕ್ಕಳಿಗೆ ಬೇರೆಬೇರೆಯಾಗಿ ಕೊಟ್ಟು ನೋಡಿದರು. ಕಾಯಿಲೆ ತಂದದ್ದು ಗ್ಲುಟೆನ್.

ಇಷ್ಟಾದರೂ ಯಾರೂ ಗಾಯವನ್ನು ಕಂಡಿರಲಿಲ್ಲ ಎಂಬುದನ್ನು ಗಮನಿಸಬೇಕು. ವಾಸಿಯಾದದ್ದು ಮೊದಲು ತಿಳಿಯಿತು, ಏನು ವಾಸಿಯಾಯಿತು ಎಂಬುದು ಆಮೇಲೆ! 1954ರಲ್ಲಿ ಇಂಗ್ಲೆಂಡಿನ ವೈದ್ಯ ಪಾಲಿ, ಇದೇ ಬಗೆಯ ಭೇದಿಯ ವಯಸ್ಕ ರೋಗಿಗಳ ಹೊಟ್ಟೆಯನ್ನು ಶಸ್ತ್ರಕ್ರಿಯೆಗೆ ತೆರೆದಾಗ ತೆಗೆದ ಕರುಳಿನ ಚೂರುಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ವರದಿ ಮಾಡಿದರು. ಜೀವಂತ ಕರುಳಾದ್ದರಿಂದ ಕೊಳೆತದ್ದೆಂದು ತಳ್ಳಿಹಾಕುವಂತಿರಲಿಲ್ಲ. 1956ರಲ್ಲಿ ಲಂಡನ್ನಿನ ಮಾರ್ಗಾಟ್ ಶೈನರ್ ಹೊಟ್ಟೆ ಕೊಯ್ಯದೆ, ಬಾಯಿಯಿಂದ ಇಳಿಬಿಟ್ಟ ಕೊಳವೆಯಲ್ಲೇ ಚೂರು ತೆಗೆಯುವ ಉಪಕರಣ ಮಾಡಿದರು. ಮರುವರ್ಷ ಅಮೆರಿಕದಲ್ಲಿ ಕ್ರಾಸ್ಬಿ ಮತ್ತು ಕೂಗ್ಲರ್ ಅದನ್ನು ಇನ್ನೂ ಚಿಕ್ಕದು ಮಾಡಿದರು. ಗುಳಿಗೆಯಂಥ ಲೋಹದ ಡಬ್ಬಿ, ಪಕ್ಕದಲ್ಲಿ ಒಂದು ಕಿಂಡಿ, ಒಳಗೆ ಸ್ಪ್ರಿಂಗಿನ ಚಾಕು. ಸಣ್ಣ ನಳಿಕೆ ಕಟ್ಟಿದ ಆ ಡಬ್ಬಿಯನ್ನು ರೋಗಿ ನುಂಗಬೇಕು. ಎಕ್ಸ್‌ರೇಯಲ್ಲಿ ನೋಡಿ, ಅದು ಸಣ್ಣ ಕರುಳನ್ನು ಸೇರಿದ ಮೇಲೆ ಹೊರಗಿನಿಂದ ಗಾಳಿ ಎಳೆದರೆ ಒಳಪೊರೆ ಕಿಂಡಿಯೊಳಗೆ ಉಬ್ಬುತ್ತದೆ, ಚಾಕು ಸರಕ್ಕನೆ ತಿರುಗಿ ಒಂದು ಅಕ್ಕಿಕಾಳಿನಷ್ಟನ್ನು ಕತ್ತರಿಸಿಕೊಳ್ಳುತ್ತದೆ. ಮಕ್ಕಳಿಗೆ ಇದನ್ನು ನುಂಗಿಸಲು ಪಟ್ಟ ಪಾಡು ಏನಿದ್ದೀತು ಎಂದು ಓದುಗರೇ ಊಹಿಸಿಕೊಳ್ಳಲಿ.

ಕಂಡದ್ದೇನು? ಆರೋಗ್ಯವಂತರ ಸಣ್ಣ ಕರುಳಿನ ಒಳಮೈ ಟರ್ಕಿ ಟವೆಲ್ಲಿನಂತೆ. ಅರ್ಧದಿಂದ ಒಂದು ಮಿಲಿಮೀಟರ್ ಎತ್ತರದ ಬೆರಳಿನಂಥ ಚಾಚುಗಳು ಒತ್ತೊತ್ತಾಗಿ ನಿಂತಿರುತ್ತವೆ. ಶಾಲೆಯ ಪುಸ್ತಕದಲ್ಲಿ ‘ವಿಲ್ಲೈ’ ಎಂದು ಓದಿದ ನೆನಪು ಹಲವರಿಗಿರಬಹುದು. ಅನ್ನದ ಸಾರವನ್ನು ಹೀರುವುದು ಇವೇ. ಹಳೆಯ ಪುಸ್ತಕಗಳು ಇವನ್ನೆಲ್ಲ ಹರಡಿದರೆ ಒಂದು ಟೆನಿಸ್ ಕೋರ್ಟಿನಷ್ಟು ಎನ್ನುತ್ತಿದ್ದವು. 2014ರಲ್ಲಿ ಸ್ವೀಡನ್ನಿನವರು ಅಳೆದು ಇಡೀ ಜೀರ್ಣನಾಳದ ಒಳಮೈ ಸುಮಾರು 32 ಚದರ ಮೀಟರ್, ಅರ್ಧ ಬ್ಯಾಡ್ಮಿಂಟನ್ ಕೋರ್ಟಿನಷ್ಟು, ಎಂದು ತಿದ್ದಿದರು. ಅದೂ ಕಡಿಮೆಯೇನಲ್ಲ. ಸೀಲಿಯಾಕ್ ರೋಗಿಯ ಕರುಳಿನಲ್ಲಿ ಈ ಬೆರಳುಗಳೇ ಇರಲಿಲ್ಲ. ಕಟಾವಾದ ಗದ್ದೆಯಂತೆ ಬೋಳು. ಬೆರಳುಗಳ ಬುಡದ ಕುಳಿಗಳು ಮಾತ್ರ ಉದ್ದವಾಗಿ ಬೆಳೆದಿದ್ದವು. ಹೊಸ ಜೀವಕೋಶಗಳು ಹುಟ್ಟುವುದು ಆ ಕುಳಿಗಳಲ್ಲಿ. ಮೇಲೆ ಸುಡುತ್ತಿದ್ದಂತೆ ಕೆಳಗೆ ಕರುಳು ದುಪ್ಪಟ್ಟು ದುಡಿದು ಹೊಸದನ್ನು ಕಳಿಸುತ್ತಲೇ ಇತ್ತು.

ಸಿಯಾಟಲ್‌ನ ಸೈರಸ್ ರೂಬಿನ್ ಮುಂದಿನ ಪ್ರಶ್ನೆ ಕೇಳಿದರು. ಪಥ್ಯದಲ್ಲಿದ್ದ ರೋಗಿಗಳ ಕರುಳಿನ ಕೆಳಭಾಗಕ್ಕೆ ಕೊಳವೆಯಿಂದ ಗೋಧಿಯನ್ನು ಮತ್ತೆ ಮತ್ತೆ ಇಳಿಸಿ ನೋಡಿದರು. ಹಾನಿ ಅಲ್ಲಿಯೇ ಕಾಣಿಸಿತು. ಇದು 1962ರ ಮಾತು. ಗೋಧಿ ಎಲ್ಲಿ ಮುಟ್ಟುತ್ತದೋ ಅಲ್ಲಿ ಗಾಯ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿರಲಿಲ್ಲ. 1969ರಲ್ಲಿ ಸ್ವಿಟ್ಜರ್ಲೆಂಡಿನ ಇಂಟರ್ಲಾಕನ್‌ನಲ್ಲಿ ಸೇರಿದ ಯೂರೋಪಿನ ಮಕ್ಕಳ ತಜ್ಞರು ಒಂದು ಕಟ್ಟಳೆ ಮಾಡಿದರು: ಮೊದಲು ಚೂರು ತೆಗೆದು ಗಾಯ ನೋಡಬೇಕು, ಪಥ್ಯದ ನಂತರ ತೆಗೆದು ವಾಸಿಯಾದದ್ದನ್ನು ನೋಡಬೇಕು, ಮತ್ತೆ ಗೋಧಿ ಕೊಟ್ಟು ಮೂರನೆಯ ಸಲ ಗಾಯ ನೋಡಬೇಕು. ಎಂಥ ನಿಷ್ಠುರ ನಿಯಮ! 1990ರಲ್ಲಿ ಇದನ್ನು ಸಡಿಲಿಸಿದರು. 2012ರಿಂದ, ರಕ್ತದಲ್ಲಿ ಪ್ರತಿಕಾಯ ಬಹಳ ಹೆಚ್ಚಿರುವ ಮಕ್ಕಳಿಗೆ ಕೆಲವು ನಿಬಂಧನೆಗಳೊಡನೆ ಚೂರು ತೆಗೆಯುವ ಅಗತ್ಯವೇ ಇಲ್ಲ ಎಂದಾಯಿತು.

ಗಾಯ ಹೇಗಾಗುತ್ತದೆ ಎಂಬ ಕತೆಯನ್ನು ಬೇಗ ಮುಗಿಸುತ್ತೇವೆ. ನಮ್ಮ ಜೀರ್ಣರಸಗಳು ಗ್ಲುಟೆನ್ನನ್ನು ಪೂರ್ತಿ ಕತ್ತರಿಸಲಾರವು. ಮುಂಬೈ ಐಐಟಿಯಲ್ಲಿ ಓದಿ ಸ್ಟ್ಯಾನ್‌ಫರ್ಡಿನಲ್ಲಿ ಪ್ರಾಧ್ಯಾಪಕರಾದ ಚೈತನ್ ಖೋಸ್ಲಾ ಮತ್ತು ಸಂಗಡಿಗರು 2002ರಲ್ಲಿ, 33 ಅಮೈನೋ ಆಮ್ಲಗಳ ಒಂದು ತುಂಡು ಯಾವ ರಸಕ್ಕೂ ಬಗ್ಗದೆ ಉಳಿಯುತ್ತದೆ ಎಂದು ತೋರಿಸಿದರು. ಕರುಳಿನಲ್ಲೇ ಇರುವ ಟ್ರಾನ್ಸ್‌ಗ್ಲುಟಾಮಿನೇಸ್ ಎಂಬ ಕಿಣ್ವ ಆ ತುಂಡಿನ ರೂಪವನ್ನು ತುಸು ಬದಲಿಸುತ್ತದೆ. ಈ ಕಿಣ್ವವನ್ನು ಗುರುತಿಸಿದ್ದು 1997ರಲ್ಲಿ ಬರ್ಲಿನ್ನಿನ ಶುಪ್ಪನ್ ಅವರ ತಂಡ. ಇಂದಿನ ರಕ್ತಪರೀಕ್ಷೆ ಅದರ ಫಲ. ಡಿಕ್ಯೂ2 ಅಥವಾ ಡಿಕ್ಯೂ8 ಎಂಬ ಜೀನ್ ಇರುವವರಲ್ಲಿ ಕೆಲವರ ರೋಗನಿರೋಧಕ ಕೋಶಗಳು ಬದಲಾದ ಆ ತುಂಡನ್ನು ಶತ್ರುವೆಂದು ಭಾವಿಸಿ ಮುಗಿಬೀಳುತ್ತವೆ. ಏಟು ಬೀಳುವುದು ಮನೆಯವರಿಗೇ.

ವಾಸಿಯಾಗುವ ವಿಷಯ ಇಷ್ಟು ಸರಳವಲ್ಲ. ಕರುಳಿನ ಮೇಲ್ಪದರ ಮೂರರಿಂದ ಐದು ದಿನಕ್ಕೊಮ್ಮೆ ಪೂರ್ತಿ ಹೊಸದಾಗುತ್ತದೆ. 2007ರಲ್ಲಿ ಹಾನ್ಸ್ ಕ್ಲೆವರ್ಸ್ ಅವರ ತಂಡ ಕುಳಿಗಳ ತಳದಲ್ಲಿರುವ ಆಕರ ಕೋಶಗಳನ್ನು ಗುರುತಿಸಿದ್ದು, ಡಿಕ್ಕೆ ಪ್ರಬಂಧ ಒಪ್ಪಿಸಿದ ಅದೇ ಯೂಟ್ರೆಕ್ಟಿನಲ್ಲಿ. ಹಾಗಾದರೆ ಗೋಧಿ ಬಿಟ್ಟ ವಾರದಲ್ಲೇ ಎಲ್ಲ ಸರಿಯಾಗಬೇಕಲ್ಲ? ಆಗುವುದಿಲ್ಲ. ಹೊಟ್ಟೆಯ ತೊಂದರೆ ಕೆಲವು ವಾರಗಳಲ್ಲೇ ಇಳಿಯುವುದುಂಟು, ಆದರೆ ಕೆರಳಿದ ನಿರೋಧಕ ಕೋಶಗಳು ತಣ್ಣಗಾಗಿ ಬೋಳು ನೆಲದಲ್ಲಿ ಬೆರಳುಗಳು ಮತ್ತೆ ಏಳಲು ಕಾಲ ಬೇಕು. ಅಮೆರಿಕದ ಮೇಯೋ ಕ್ಲಿನಿಕ್ಕಿನವರು 241 ವಯಸ್ಕರನ್ನು ಅನುಸರಿಸಿ 2010ರಲ್ಲಿ ಪ್ರಕಟಿಸಿದ ಲೆಕ್ಕ ನೋಡಿ: ಎರಡು ವರ್ಷದ ಪಥ್ಯದ ನಂತರ ಕರುಳು ವಾಸಿಯಾದದ್ದು ಶೇಕಡಾ 34 ಮಂದಿಗೆ, ಐದು ವರ್ಷಕ್ಕೆ ಶೇಕಡಾ 66. ಮಕ್ಕಳಲ್ಲಿ ಇದು ಬೇಗ. ವಯಸ್ಸಾದ ಮೇಲೆ ಪತ್ತೆಯಾದವರಿಗೆ ತಡ, ಕೆಲವರಿಗೆ ಪೂರ್ತಿ ಆಗುವುದೇ ಇಲ್ಲ.

ತಡಕ್ಕೆ ಮುಖ್ಯ ಕಾರಣ ಗೊತ್ತಿಲ್ಲದೆ ಹೊಟ್ಟೆ ಸೇರುವ ಚೂರುಪಾರು ಗ್ಲುಟೆನ್. ಇಟಲಿಯ ಕಟಾಸಿ ಮತ್ತು ಸಂಗಡಿಗರು 2007ರಲ್ಲಿ, ದಿನಕ್ಕೆ 50 ಮಿಲಿಗ್ರಾಂ ಗ್ಲುಟೆನ್ ಮೂರು ತಿಂಗಳು ತಿಂದರೆ ಸಾಕು, ಕರುಳಿಗೆ ಹಾನಿ ಎಂದು ತೋರಿಸಿದರು. ಒಂದು ಸ್ಲೈಸ್ ಬ್ರೆಡ್ಡಿನಲ್ಲಿ ಎರಡು ಗ್ರಾಂ ಅಥವಾ ಹೆಚ್ಚೇ ಇರುತ್ತದೆ. ಅದರ ನಲವತ್ತನೆಯ ಒಂದು ಪಾಲು ಇದು! ‘ಹಬ್ಬದ ದಿನ ಒಂದು ಹೋಳಿಗೆ ತಿಂದರೆ ಏನಾಗುತ್ತೆ, ಬಿಡಿ’ ಎಂದು ಒತ್ತಾಯ ಮಾಡುವ ನಮ್ಮ ಆದರಾತಿಥ್ಯ ಇಲ್ಲಿ ಸಲ್ಲದು. ಗುಳಿಗೆಯ ಆಸೆಯೂ ಸದ್ಯಕ್ಕೆ ದೂರ. ಬಹಳ ನಿರೀಕ್ಷೆ ಹುಟ್ಟಿಸಿದ್ದ ಲರಾಜೋಟೈಡ್ ಎಂಬ ಔಷಧದ ಕೊನೆಯ ಹಂತದ ಪರೀಕ್ಷೆ 2022ರಲ್ಲಿ ನಿಂತಿತು. ಟ್ರಾನ್ಸ್‌ಗ್ಲುಟಾಮಿನೇಸನ್ನು ತಡೆಯುವ ಇನ್ನೊಂದು, ದಿನಕ್ಕೆ ಮೂರು ಗ್ರಾಂ ಗ್ಲುಟೆನ್ ತಿಂದ ರೋಗಿಗಳ ಕರುಳಿನ ಹಾನಿಯನ್ನು ಆರು ವಾರದ ಮಟ್ಟಿಗೆ ತಗ್ಗಿಸಿತೆಂದು 2021ರಲ್ಲಿ ವರದಿಯಾಯಿತು. ಅದರ ಮೇಲೆ ಕೆಲಸ ಮುಂದುವರಿದಿದೆ.

ಈಗ ನಮ್ಮ ವಿಷಯ. ಇದು ಬಿಳಿಯರ ಕಾಯಿಲೆ ಎಂದು ಬಹುಕಾಲ ನಂಬಿಕೆಯಿತ್ತು. 1966ರಲ್ಲಿ ವಾಲಿಯಾ ಮತ್ತು ಸಂಗಡಿಗರು ಉತ್ತರ ಭಾರತದ ಮಕ್ಕಳಲ್ಲಿ ಇದನ್ನು ಗುರುತಿಸಿ ಬರೆದರು. 1973ರಲ್ಲಿ ಬರ್ಮಿಂಗ್‌ಹ್ಯಾಮಿನಿಂದ, ಏಷ್ಯಾದಿಂದ ಬಂದು ನೆಲೆಸಿದವರ ಮಕ್ಕಳಲ್ಲಿ ಸೀಲಿಯಾಕ್ ಇದೆ ಎಂಬ ವರದಿ ಬಂತು. ಬರೆದವರಲ್ಲಿ ಅದೇ ಶಾರ್ಲೆಟ್ ಆಂಡರ್ಸನ್ ಒಬ್ಬರು. ದಕ್ಷಿಣ ಭಾರತದಲ್ಲಿ ವಿಷಯ ಇನ್ನೂ ತೊಡಕು. ಅಲ್ಲಿ ಟ್ರಾಪಿಕಲ್ ಸ್ಪ್ರೂ ಎಂಬ ಬೇರೊಂದು ಕಾಯಿಲೆಯಿದ್ದು, ವೆಲ್ಲೂರಿನ ಬೇಕರ್ ಮತ್ತು ಮಾಥನ್ 1960ರ ದಶಕದಿಂದ ಅದನ್ನು ವಿವರವಾಗಿ ಅಭ್ಯಾಸ ಮಾಡಿದರು. ಅದರಲ್ಲೂ ಕರುಳಿನ ಬೆರಳುಗಳು ಕುಗ್ಗುತ್ತವೆ, ಆದರೆ ಗೋಧಿಗೂ ಅದಕ್ಕೂ ಸಂಬಂಧವಿಲ್ಲ. ಫೋಲಿಕ್ ಆಮ್ಲ ಮತ್ತು ಆಂಟಿಬಯೋಟಿಕ್‌ಗೆ ಇಳಿಯುತ್ತದೆ. ಒಂದೇ ಬಗೆಯ ಗಾಯ, ಕಾರಣ ಬೇರೆ.

2016ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಭಾರತದ ಮೂರು ಭಾಗಗಳ ಸುಮಾರು 23,000 ವಯಸ್ಕರ ರಕ್ತ ಪರೀಕ್ಷಿಸಿದರು. ಸೀಲಿಯಾಕ್ ಪ್ರತಿಕಾಯ ಇದ್ದದ್ದು ಉತ್ತರದಲ್ಲಿ ಶೇಕಡಾ 1.23, ಈಶಾನ್ಯದಲ್ಲಿ 0.87, ದಕ್ಷಿಣದಲ್ಲಿ (ವೆಲ್ಲೂರಿನ ಕಡೆ) 0.10. ನಾವು ಕಣ್ಣರಳಿಸಿ ಓದಿದ್ದು ಮುಂದಿನ ಸಾಲನ್ನು. ಕಾಯಿಲೆಗೆ ಬೇಕಾದ ಜೀನ್ ಉತ್ತರದವರಲ್ಲಿ ಶೇಕಡಾ 38 ಮಂದಿಗಿದ್ದರೆ ದಕ್ಷಿಣದವರಲ್ಲಿ 36! ವ್ಯತ್ಯಾಸವಿದ್ದದ್ದು ತಟ್ಟೆಯಲ್ಲಿ. ಉತ್ತರದಲ್ಲಿ ದಿನಕ್ಕೆ 455 ಗ್ರಾಂ ಗೋಧಿ, ದಕ್ಷಿಣದಲ್ಲಿ 25 ಗ್ರಾಂ. ಗೋಧಿಯ ಪ್ರಮಾಣವೇ ಎಲ್ಲವೂ ಎನ್ನುವಂತಿಲ್ಲ, ಏಕೆಂದರೆ ಈಶಾನ್ಯದವರು ತಿನ್ನುವುದೂ 37 ಗ್ರಾಂ ಮಾತ್ರ. ಆದರೂ ಅನ್ನ, ರಾಗಿಮುದ್ದೆ, ಜೋಳದ ರೊಟ್ಟಿಯ ಮನೆಗಳಿಂದ ಬಂದ ನಾವು ಇಲ್ಲಿ ಬೆಳಿಗ್ಗೆ ಟೋಸ್ಟ್, ಮಧ್ಯಾಹ್ನ ಸ್ಯಾಂಡ್‌ವಿಚ್, ರಾತ್ರಿ ಚಪಾತಿ ಎಂದು ಬದುಕುತ್ತಿದ್ದೇವೆ. ನಮ್ಮ ಮಕ್ಕಳಂತೂ ಹುಟ್ಟಿನಿಂದಲೇ. ಬ್ರಿಟನ್ನಿನಲ್ಲಿ ನೂರಕ್ಕೆ ಸುಮಾರು ಒಬ್ಬರಿಗೆ ಈ ಕಾಯಿಲೆ, ಅದರಲ್ಲೂ ಅರ್ಧಕ್ಕಿಂತ ಹೆಚ್ಚು ಮಂದಿಗೆ ಪತ್ತೆಯಾಗಿಲ್ಲ. ಔಷಧಕ್ಕೆ ಬಗ್ಗದ ರಕ್ತಹೀನತೆ, ಬೆಳೆಯದ ಮಗು, ಸವೆದ ಮೂಳೆ, ತೀರದ ಆಯಾಸ, ಇವುಗಳ ಹಿಂದೆಯೂ ಇದು ಅಡಗಿರಬಹುದು. ‘ನಮ್ಮ ಕಡೆಯವರಿಗೆ ಇದು ಬರುವುದಿಲ್ಲ’ ಎಂದು ವೈದ್ಯರಿಗೆ ನಾವೇ ಹೇಳಿಬಿಡುವುದು ಬೇಡ.

ಅನುಮಾನ ಬಂದರೆ ಮೊದಲೇ ಗೋಧಿ ಬಿಡಬಾರದು. ಬಿಟ್ಟರೆ ಪ್ರತಿಕಾಯ ಇಳಿದು, ಕರುಳು ಅರೆಬರೆ ವಾಸಿಯಾಗಿ, ಪರೀಕ್ಷೆಯಲ್ಲಿ ಏನೂ ಕಾಣದೆ ಹೋಗುತ್ತದೆ. ಪರೀಕ್ಷೆಗೆ ಮುಂಚೆ ಕನಿಷ್ಠ ಆರು ವಾರ, ದಿನಕ್ಕೆ ಒಂದಕ್ಕಿಂತ ಹೆಚ್ಚು ಹೊತ್ತು ಗ್ಲುಟೆನ್ ಇರುವ ಊಟ ಮಾಡುತ್ತಿರಬೇಕೆಂದು ಇಲ್ಲಿಯ ಸರ್ಕಾರಿ ಮಾರ್ಗಸೂಚಿ ಹೇಳುತ್ತದೆ. ರೋಗ ಖಚಿತವಾದವರಿಗೆ ನೆರವಾಗುವ ಸಂಘವೂ ಈ ದೇಶದಲ್ಲಿ 1968ರಿಂದ ಇದೆ. ಅದನ್ನು ಹುಟ್ಟುಹಾಕಿದವರಲ್ಲಿ ಒಬ್ಬರು ಆಮ್ನೆಸ್ಟಿ ಇಂಟರ್‌ನ್ಯಾಷನಲ್ ಸ್ಥಾಪಕ ಪೀಟರ್ ಬೆನೆನ್ಸನ್, ಸ್ವತಃ ಸೀಲಿಯಾಕ್ ರೋಗಿ.

ಆದರೆ ಆ ಸಂಘದ ಪಟ್ಟಿಯೊಂದಿಗೆ ನಮ್ಮ ಡಬ್ಬಿಗಳನ್ನೂ ನಾವೇ ತೆರೆದು ನೋಡಿಕೊಳ್ಳಬೇಕು. ಉಪ್ಪಿಟ್ಟಿನ ರವೆ, ಚಿರೋಟಿ ರವೆ, ಗೋಧಿ ಶಾವಿಗೆ, ಹೋಳಿಗೆಯ ಕಣಕ ಇವು ಗೋಧಿಯೆಂದು ಎಲ್ಲರಿಗೂ ಗೊತ್ತು. ರವೆ ಇಡ್ಲಿಯನ್ನು ಹೆಸರಿನಲ್ಲಿ ಇಡ್ಲಿ ಇದೆಯೆಂದು ನಂಬಬಾರದು. ಅಕ್ಕಿ, ರಾಗಿ, ಜೋಳ, ನವಣೆ ನಿರಪಾಯ, ಆದರೆ ಗೋಧಿ ಬೀಸಿದ ಗಿರಣಿಯಲ್ಲೇ ಬೀಸಿದ ಹಿಟ್ಟಾದರೆ ಅದೂ ಸಲ್ಲ. ಇನ್ನು ಇಂಗು. ಅಂಗಡಿಯಲ್ಲಿ ಸಿಗುವ ಪುಡಿ ಇಂಗಿನಲ್ಲಿ ಬಹಳಷ್ಟಕ್ಕೆ ಗೋಧಿಹಿಟ್ಟು ಬೆರೆತಿರುತ್ತದೆ, ಡಬ್ಬಿಯ ಮೇಲಿನ ಸಣ್ಣಕ್ಷರದಲ್ಲಿ ಹಾಗೆಂದು ಬರೆದೂ ಇರುತ್ತದೆ. ಸಾರು, ಹುಳಿ, ಪುಳಿಯೋಗರೆ, ಮೊಸರನ್ನದ ಒಗ್ಗರಣೆ ಎಲ್ಲದರಲ್ಲೂ ಅದು ಇರುವುದರಿಂದ ಅಕ್ಕಿಹಿಟ್ಟು ಬೆರೆಸಿದ ಇಂಗನ್ನು ಹುಡುಕಿ ತರಬೇಕು. ಸಿಗದಿದ್ದರೆ ಆ ಮನೆಯ ಒಗ್ಗರಣೆಗೆ ಬೆಳ್ಳುಳ್ಳಿ ಸಾಕು.